ನೂರ ಹನ್ನೆರಡು ಜೊತೆ ಕಿವಿ

೧೯೮೭ನೇ ಇಸವಿ ಮಾರ್ಚ್ ೧೨, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

"ಬಾಯಿಗೆ ಬೀಗ ಹಾಕ್ಕೊಂಡಿದೀಯೇನೇ? ಕೇಳಿದ್ದಕ್ಕೆ ಬೊಗಳೇ, ಮುಂಡೇದೇ!" ಎಂದ ಗಿರಣಿಯ ಮ್ಯಾನೇಜರ್.

ಅಂದದ್ದು ಕಾಗದದ ಹಿಂದಿನಿಂದ. ಹೋದ ವರ್ಷದ ಕಿವಿ ಸಮೀಕ್ಷೆಯ ವರದಿಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಿದ್ದ. ಮೇಜಿನೀಚೆ ನಿಂತಿದ್ದ ಅಕ್ಕನಿಗೆ ಅವನ ಬಾಯಿ ಕಾಣಿಸುತ್ತಿರಲಿಲ್ಲ. ಬಾಯಿ ಕಾಣದಿದ್ದರೆ ಅವಳ ಪಾಲಿಗೆ ಮಾತೂ ಇಲ್ಲ. ಬಟ್ಟೆ ಸುತ್ತಿದ ಬಲಗೈಯನ್ನು ಎದೆಗೊತ್ತಿಕೊಂಡು ತಂಗಿಯತ್ತ ನೋಡಿದಳು. ತಂಗಿಯನ್ನು ಮಗ್ಗದ ಶೆಡ್ಡಿನಲ್ಲಿ ಎಲ್ಲರೂ ಕಡ್ಡಿ ಎಂದೇ ಕರೆಯುವುದು. ಕಡ್ಡಿ ಓರೆಯಾಗಿ ನಿಂತಿದ್ದರಿಂದ ಸಾಹೇಬನ ಅರ್ಧ ತುಟಿ ಕಾಣುತ್ತಿತ್ತು. ದನಿಯೆತ್ತದೆ ತುಟಿಯಲ್ಲೇ ಅಕ್ಕನಿಗೆ ಹೇಳಿದಳು: ಅವತ್ತು ಗಂಟೆ ಕೇಳಿಸ್ತಾ ಅಂತ ಕೇಳ್ತಿದಾನೆ.

"ಇಲ್ಲಾ ಸ್ವಾಮಿ!" ಎಂದಳು ಅಕ್ಕ, ಶೆಡ್ಡಿನವರ ಗಂಟಲಿನಲ್ಲಿ.

"ಕಿರುಚ್ಬೇಡ! ಡಾಕ್ಟ್ರು ಮಿಷನ್ ಇಟ್ಟು ನೋಡಿ ಬರೆದಿದಾರೆ, ನಿನ್ನ ಕಿವಿ ನನ್ನ ಕಿವಿಗಿಂತ ನೆಟ್ಟಗಿದೆ ಅಂತ. ಮಗ್ಗ ಹೊರಡೋ ಗಂಟೆ ಹೊಡೆದ್ರೂ ಒಳಗೆ ಕೈ ಇಟ್ಕೊಂಡೇ ಇದ್ದೆ. ಮೂರು ಬೆರಳು ಹೋಗಿದ್ದು ನಿನ್ನ ಕೊಬ್ಬಿಗೆ. ಕೆಲ್ಸಾನೂ ಹೋಯ್ತು. ನಡಿ ಆಚೆ."

ವರದಿಯಲ್ಲಿದ್ದದ್ದು ಇಷ್ಟು. ಶೆಡ್ಡಿನ ಸದ್ದು ತೊಂಬತ್ತೆಂಟು ಡೆಸಿಬೆಲ್. ಅದರ ನಡುವೆ ದಿನಕ್ಕೆ ಎಂಟು ಗಂಟೆ ನಿಲ್ಲುವವರು ನೂರ ಹನ್ನೆರಡು ಮಂದಿ. ಇಪ್ಪತ್ತೈದು ಡೆಸಿಬೆಲ್ಲಿನೊಳಗಿನ ಶಬ್ದ ಕೇಳಿಸಿದರೆ ಕಿವಿ ಸರಿ ಎಂದು ಲೆಕ್ಕ. ನೂರ ಹನ್ನೆರಡು ಮಂದಿಗೂ ಸರಿ. ಬಾಗಿಲು ಮುಚ್ಚಿ ಫ್ಯಾನಿನಡಿ ಕೂರುವ ಗುಮಾಸ್ತರು ಹನ್ನೊಂದು; ಅವರಲ್ಲಿ ಇಬ್ಬರಿಗೆ ಮಂದ. ಈ ಪ್ರಕಾರ ಆ ಇಬ್ಬರನ್ನು ಆರು ತಿಂಗಳು ಮಗ್ಗಕ್ಕೆ ಹಚ್ಚಿದ್ದರೆ ಗುಣವಾಗಬೇಕಿತ್ತು. ಯಾರೂ ಹಚ್ಚಿ ನೋಡಲಿಲ್ಲ. ವರದಿಗೆ ನಾಲ್ಕು ಜನ ಸಹಿ ಹಾಕಿದ್ದರು, ನಾಲ್ವರೂ ಓದಿದವರೇ.

ಅದು ಹೇಗಾಯಿತೆಂದು ಕಡ್ಡಿಗೆ ಗೊತ್ತಿತ್ತು. ಆ ಪರೀಕ್ಷೆಯ ಹಿಂದಿನ ದಿನ ಮೇಸ್ತ್ರಿ ಮಗ್ಗದಿಂದ ಮಗ್ಗಕ್ಕೆ ಹೋಗಿ, "ಕಿವುಡಿ ಅಂತ ಬಂತೋ, ಗೇಟಿನಾಚೆ," ಎಂದು ಕೈಸನ್ನೆಯಲ್ಲೇ ತಿಳಿಸಿದ್ದ. ಊಟದ ಕೋಣೆಯಲ್ಲಿ ಡಾಕ್ಟರು ಯಂತ್ರವನ್ನಿಟ್ಟುಕೊಂಡು ಎದುರಿಗೇ ಕೂತಿದ್ದರು. ಶಬ್ದ ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಮೊದಲ ಸರದಿ ಕಡ್ಡಿಯದು. ಕಿವಿಗೆ ಕವುಚಿದ ಯಂತ್ರದ ಬಟ್ಟಲುಗಳಲ್ಲಿ ಏನೂ ಕೇಳಿಸಲಿಲ್ಲ. ಆದರೆ ಡಾಕ್ಟರು ಗುಂಡಿ ಒತ್ತಿದಾಗ ಅವರ ಹೆಬ್ಬೆರಳಿನ ಉಗುರು ಬಿಳಿಚಿಕೊಳ್ಳುತ್ತಿತ್ತು. ಹನ್ನೆರಡು ವರ್ಷದಿಂದ, ಓಡುವ ಮಗ್ಗದಲ್ಲಿ ಕಡಿದ ಎಳೆ ಹುಡುಕುತ್ತಿದ್ದ ಕಣ್ಣಿಗೆ ಅದೇನು ಮಹಾ! ಉಗುರು ಬೆಳ್ಳಗಾದಾಗಲೆಲ್ಲ ಬೆರಳೆತ್ತಿದಳು. ಹೊರಬಂದು ಸಾಲಿನವರಿಗೆಲ್ಲ ತುಟಿಯಲ್ಲೇ ದಾಟಿಸಿದಳು: ಹೆಬ್ಬೆರಳು ನೋಡ್ರೇ. ಅಕ್ಕನಿಗೆ ಎರಡು ಸಲ ಹೇಳಿದಳು. ಅವತ್ತು ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತ್ತು.

ಈಗ ಆಫೀಸಿನ ಮೆಟ್ಟಿಲ ಮೇಲೆ ಅಕ್ಕ ಕೂತುಬಿಟ್ಟಳು.

"ಕಿವಿ ಇಲ್ಲ ಅಂದ್ರೆ ಓಡಿಸ್ತಾರೆ. ಇದೆ ಅಂದಿದ್ದಕ್ಕೂ ಓಡಿಸಿದ್ರು. ಯಾವ ಬೋಳೀಮಗ ಮಾಡಿದ್ನೇ ಈ ಪರೀಕ್ಷೆನ?"

"ಹೇಳ್ಕೊಟ್ಟಿದ್ದು ನಾನಲ್ವಾ ಅಕ್ಕಾ," ಎಂದ ಕಡ್ಡಿಯ ಮುಖ ಸೊಟ್ಟಗಾಯಿತು.

"ಥೂ, ಅಳ್ಬೇಡ್ವೇ. ಅತ್ರೆ ನಿನ್ನ ತುಟಿ ಓದಕ್ಕಾಗಲ್ಲ."

ಈ ವರ್ಷದ ಪರೀಕ್ಷೆ ಇದ್ದದ್ದೂ ಅವತ್ತೇ ಮಧ್ಯಾಹ್ನ, ಅದೇ ಊಟದ ಕೋಣೆಯಲ್ಲಿ. ಅದೇ ಡಾಕ್ಟರು, ಅದೇ ಯಂತ್ರ. ಸಾಲು ಬಾಗಿಲಿನಿಂದಾಚೆಗೂ ಚಾಚಿತ್ತು. ಮೇಸ್ತ್ರಿ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕುರಿ ಎಣಿಸುವಂತೆ ಒಳಗೆ ತಳ್ಳುತ್ತಿದ್ದ. ಕಡ್ಡಿಯ ಸರದಿ ಬಂತು. ಅವಳು ಸ್ಟೂಲನ್ನೆತ್ತಿ ಗೋಡೆಯ ಕಡೆಗಿಟ್ಟು, ಡಾಕ್ಟರಿಗೆ ಬೆನ್ನು ಹಾಕಿ ಕೂತಳು.

ಮೇಸ್ತ್ರಿ ಹಿಂದಿನಿಂದ ಎರಡು ಸಲ ಕೂಗಿದ. ಅವಳು ಅಲುಗಲಿಲ್ಲ. ಭುಜ ಹಿಡಿದು ತಿರುಗಿಸಿದ.

"ದೊಡ್ಡವ್ರ ಮುಂದೆ ಹೆಂಗೆ ಕೂತ್ಕೋಬೇಕು ಗೊತ್ತಿಲ್ವೇನೇ, ಕತ್ತೆ ಲೌಡಿ?"

"ಬೆನ್ನು ಹಾಕಿದ್ರೆ ಕಿವಿ ಎದ್ದು ಓಡೋಗುತ್ತಾ ಮೇಸ್ತ್ರಿ?"

"ಯಾಕಮ್ಮ, ಹೋದ ವರ್ಷ ಹೀಗೆ ಮಾಡ್ಲಿಲ್ವಲ್ಲ," ಎಂದರು ಡಾಕ್ಟರು.

"ಹೋದ ವರ್ಷ ನಿಮ್ಮ ಹೆಬ್ಬೆರಳು ನೋಡ್ಕೊಂಡು ಕೈ ಎತ್ತಿದೆ ಸ್ವಾಮಿ. ಎಲ್ರೂ ಹಂಗೇ ಎತ್ತಿದ್ದು. ಕಲಿಸಿದ್ದು ನಾನು. ನಮ್ಮಕ್ಕಂಗೂ ಕಲಿಸ್ದೆ."

ಡಾಕ್ಟರು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. "ಹಾಗೆಲ್ಲ ಆಗೋಕೆ ಸಾಧ್ಯ ಇಲ್ಲ. ವರದಿ ಪ್ರಿಂಟಾಗಿ ಹೋಗಿದೆ."

"ಆಗ್ಲಿ ಬಿಡಿ. ಪೊಟ್ಟಣ ಕಟ್ಟೋಕೆ ಬರುತ್ತೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಪಟ್ಟಿಯನ್ನು ಅವಳ ಮೂಗಿನ ಮುಂದೆ ಅಲ್ಲಾಡಿಸಿದ. "ಕಿವುಡಿ ಅಂತ ಬಂದ್ರೆ ಇವತ್ತೇ ಗೇಟಿನಾಚೆ. ನೆನಪಿರ್ಲಿ."

"ಇದೆ. ನನ್ನ ಕಿವಿ ಸತ್ತಿದೆ ಅಂತ ಬಂದ್ರೆ ಹೋದ ವರ್ಷದ್ದು ಸುಳ್ಳು ಅಂತಾಯ್ತು. ನಂದು ಸುಳ್ಳಾದ್ರೆ ಅಕ್ಕಂದೂ ಸುಳ್ಳೇ. ಬರ್ದು ಸಹಿ ಮಾಡಿ ನನ್ನ ಕೈಗೆ ಕೊಡ್ಲಿ. ಆಮೇಲೆ ಯಾವ ಗೇಟಾದ್ರೂ ತೋರ್ಸು."

"ಡಾಕ್ಟ್ರೇ, ಶುರು ಮಾಡಿ," ಎಂದಳು ಅವಳ ಹಿಂದೆ ನಿಂತಿದ್ದ, ಎಲ್ಲರೂ ದೊಡ್ಡಮ್ಮ ಎನ್ನುವ ಹಳೇ ನೇಕಾರತಿ. "ಇವಳದಾದ್ಮೇಲೆ ಸ್ಟೂಲು ಮುಟ್ಬೇಡಿ. ನಂಗೂ ಹಂಗೇ ಇರ್ಲಿ."

ಕಡ್ಡಿ ಮತ್ತೆ ಗೋಡೆಗೆ ತಿರುಗಿದಳು. ಸುಣ್ಣ ಎದ್ದ ಬರೀ ಗೋಡೆ, ತುಟಿಯಿಲ್ಲ, ಬೆರಳಿಲ್ಲ. ಬಟ್ಟಲುಗಳು ಕಿವಿ ಮುಚ್ಚಿದವು. ಅವಳ ಬಲಗೈ ಮಡಿಲಲ್ಲೇ ಇತ್ತು. ಹಿಂದೆ ಡಾಕ್ಟರು ಒತ್ತುತ್ತಿದ್ದಾರೋ, ಸುಮ್ಮನೆ ಕೂತಿದ್ದಾರೋ ತಿಳಿಯಲಿಲ್ಲ. ಎಷ್ಟೋ ಹೊತ್ತಾದ ಮೇಲೆ, ಮೂರು ಮನೆಯಾಚೆ ಸೊಳ್ಳೆ ಗುಂಯ್‌ಗುಟ್ಟಿದಂತಾಯಿತು. ಬೆರಳೆತ್ತಿದಳು.

ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಇನ್ನೊಮ್ಮೆ ಪರೀಕ್ಷಿಸಿದರು. ಅಷ್ಟೇ ಬಂತು. ಸಹಿ ಹಾಕುವ ಮುಂಚೆ ಮೇಸ್ತ್ರಿಯ ಮುಖ ನೋಡಿದರು. ಕಡ್ಡಿ ಕೈ ಚಾಚಿಕೊಂಡೇ ನಿಂತಿದ್ದಳು.

ಅವಳ ಕೈಗೆ ಬಂದ ಚೀಟಿಯಲ್ಲಿ ಹೀಗಿತ್ತು: ನಾಲ್ಕು ಸಾವಿರ ಹರ್ಟ್ಸ್‌ನ ಕೀರಲು ಸದ್ದಿಗೆ ಬಲಗಿವಿ ಅರವತ್ತೈದು ಡೆಸಿಬೆಲ್, ಎಡಗಿವಿ ಎಪ್ಪತ್ತು.