ನಾಲ್ಕು ಕಡೆ ಒಂದೇ ಪದ

"ಒಪ್ಕೊಂಡಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ," ಎಂದಳು ಫೋನಿನಲ್ಲಿ ಸಂಪಾದಕಿ. "ನೀವು ಜಗಳಕ್ಕೆ ಬಂದೇ ಬರ್ತೀರಿ ಅಂತ ಎರಡು ದಿನದಿಂದ ನಂಗೆ ಊಟಾನೇ ಸೇರಿರ್ಲಿಲ್ಲ."

ಕಾದಂಬರಿಕಾರ್ತಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಪ್ರತಿ ಹೊಸ ಕಾದಂಬರಿಗೂ ಒಂದು ಹೊಸ ಪೆನ್ಸಿಲ್, ಅದು ಅವಳ ಪದ್ಧತಿ. ಮಕ್ಕಳಿಗಾಗಿ ಬರೆದ ಹನ್ನೊಂದು ಕಾದಂಬರಿಗಳ ಹನ್ನೊಂದು ಮೋಟು ಪೆನ್ಸಿಲ್‌ಗಳು ಮೇಜಿನ ಮೇಲಿನ ಡಬ್ಬಿಯಲ್ಲಿದ್ದವು, ಕೈಯಲ್ಲಿದ್ದದ್ದು ಹನ್ನೆರಡನೆಯದರದು.

"ಏನನ್ನ ಒಪ್ಕೊಂಡೆ?"

ಆ ಕಡೆ ಕಾಗದ ಮಗುಚಿದ ಸದ್ದು ಕೇಳಿಸಿತು.

"ಅದೇ ಮೇಡಂ, ಒಂಬತ್ತನೇ ಅಧ್ಯಾಯದ ಆ ಪದ. ಪ್ರೂಫಲ್ಲೇ ಬದಲಾಯಿಸಿ ಕಳಿಸಿದ್ವಲ್ಲ? ನೀವು ನೋಡಿ ಸಹಿ ಹಾಕಿದೀರಿ. ಮಧ್ಯಾಹ್ನ ಪ್ಲೇಟ್ ಮಾಡ್ತಾರೆ."

ಪೆನ್ಸಿಲಿನ ಮೊನೆ ಪಟ್ಟನೆ ಮುರಿಯಿತು. ಪ್ಲೇಟ್ ಆಯಿತೆಂದರೆ ಮುಗಿಯಿತು, ಆಮೇಲೆ ಅಚ್ಚಾಗುವುದೊಂದೇ ಬಾಕಿ. ಅವಳು ಫೋನ್ ಇಟ್ಟು, ಪ್ರೂಫಿನ ಜೆರಾಕ್ಸ್ ಪ್ರತಿಯನ್ನು ಕಪಾಟಿನಿಂದ ಎಳೆದು ಒಂಬತ್ತನೇ ಅಧ್ಯಾಯ ತೆಗೆದಳು. 'ಅಮ್ಮ ಸತ್ತಳು' ಎಂದು ಅವಳು ನಾಲ್ಕು ಕಡೆ ಬರೆದಿದ್ದಳು. ನಾಲ್ಕು ಕಡೆಯೂ 'ಅಮ್ಮ ಹೋದಳು' ಎಂದಿತ್ತು. ಕೊನೆಯ ಪುಟದಲ್ಲಿ ಅವಳದೇ ಸಹಿ, ಉದ್ದ ಬಾಲ ಬಿಟ್ಟುಕೊಂಡು ಮೆರೆಯುತ್ತಿತ್ತು.

ಈ ಜಗಳಕ್ಕೆ ತಿಂಗಳಾಗಿತ್ತು. ಶಾಲೆಗಳ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಸಮಿತಿಯವರು ಹಸ್ತಪ್ರತಿ ಓದಿ, ಎಲ್ಲ ಚೆನ್ನಾಗಿದೆ, ಆ ಪದವೊಂದು ಬೇಡ ಎಂದಿದ್ದರು. ಮಕ್ಕಳ ಮನಸ್ಸಿಗೆ ಒರಟಂತೆ. ಇಲಿ ಜಿರಲೆಗೆ ಹೇಳುವ ಮಾತನ್ನು ಹೆತ್ತ ತಾಯಿಗೆ ಹೇಳುವುದೇ ಎಂದು ಪತ್ರದಲ್ಲಿ ಕೇಳಿದ್ದರು. ಬದಲಾಯಿಸಿದರೆ ಪ್ರತಿ ಶಾಲೆಗೂ ಪುಸ್ತಕ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ. ಕಾದಂಬರಿಕಾರ್ತಿ ಜಗ್ಗಿರಲಿಲ್ಲ. ಪ್ರತಿ ಶಾಲೆಗೂ ಹೋಗುವ ಆಸೆ ಅವಳಿಗಿರಲಿಲ್ಲ ಎಂದಲ್ಲ, ಹೊಟ್ಟೆ ತುಂಬ ಇತ್ತು. ಹನ್ನೊಂದು ಪುಸ್ತಕಗಳೂ ಅಂಗಡಿಗಳಲ್ಲಿ ಬಣ್ಣ ತುಂಬುವ ಪುಸ್ತಕಗಳ ಹಿಂದೆ ಮುಖ ಮರೆಸಿಕೊಂಡು ಕೂತಿದ್ದವು. ಸಭೆಗಳಲ್ಲಿ ಸಿಕ್ಕ ಸಾಹಿತಿಗಳು, "ದೊಡ್ಡವರಿಗೆ ಯಾವಾಗ ಬರೀತೀರಿ?" ಎಂದು ಕೇಳುತ್ತಿದ್ದರು. "ಅವರು ಓದೋಷ್ಟು ದೊಡ್ಡವರಾಗ್ಲಿ, ಬರೀತೀನಿ," ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು. ಆದರೂ ಮನೆಗೆ ಬಂದ ಮೇಲೆ ಆ ಪ್ರಶ್ನೆ ಚುಚ್ಚುತ್ತಿತ್ತು.

ಅದಿರಲಿ, ಪ್ರೂಫ್ ನೋಡುವಾಗ ಇದು ಕಣ್ಣಿಗೆ ಬೀಳದೆ ಹೋದದ್ದು ಹೇಗೆ?

ಪ್ರೂಫ್ ನೋಡುವಾಗ ಕಥೆ ಓದಬಾರದು, ಅಕ್ಷರ ಓದಬೇಕು ಎನ್ನುವುದು ಅವಳ ನಿಯಮ. ಕಥೆಯೊಳಗೆ ಇಳಿದರೆ ತಪ್ಪುಗಳು ತಪ್ಪಿಸಿಕೊಳ್ಳುತ್ತವೆ. ಅದಕ್ಕೇ ಅಣ್ಣ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದ, ಅವಳು ಕಿವಿಗೆ ಬಿದ್ದದ್ದನ್ನು ಅಚ್ಚಿನ ಜೊತೆ ತಾಳೆ ನೋಡುತ್ತಿದ್ದಳು. ಅಣ್ಣ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ಸ್ಟಾಪುಗಳ ಹೆಸರು ಕೂಗಿದ ಅದೇ ಸಪಾಟು ದನಿಯಲ್ಲಿ ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಲ್ಲವನ್ನೂ ಕೂಗುತ್ತಿದ್ದ. ಖುಷಿಯಲ್ಲಿದ್ದರೆ ಅಧ್ಯಾಯ ಮುಗಿದಾಗ "ಇಳಿಯೋರು ಇಳ್ಕೊಳ್ಳಿ" ಎಂದೂ ಸೇರಿಸುತ್ತಿದ್ದ. ಹನ್ನೊಂದು ಪುಸ್ತಕಗಳೂ ಹೀಗೇ ದಾಟಿದ್ದವು. ಅಣ್ಣ ಒಂದು ಅಕ್ಷರವನ್ನೂ ನುಂಗಿದವನಲ್ಲ.

ಅವನು ಆಗ ಹೊರಗಿನ ಕೋಣೆಯಲ್ಲಿ ಪತ್ರಿಕೆ ಓದುತ್ತಿದ್ದ. ಪಕ್ಕದ ಬೀದಿಯಲ್ಲೇ ಅವನ ಮನೆ, ಅಲ್ಲಿಗೂ ಅದೇ ಪತ್ರಿಕೆ ಬರುತ್ತಿತ್ತು. ಆದರೂ ತಂಗಿಯ ಮನೆಯದರಲ್ಲಿ ಸುದ್ದಿ ಹೆಚ್ಚಿಗೆ ಇರುತ್ತದೆಯೇನೋ ಎಂಬಂತೆ ಹತ್ತು ಗಂಟೆಗೆ ಸರಿಯಾಗಿ ಬಂದು ಕೂರುತ್ತಿದ್ದ.

"ಅಣ್ಣಾ, ಇಲ್ಲಿ ನೋಡು. ಈ ಸಾಲು ಓದು," ಎಂದು ಅವಳು ತನ್ನ ಕೈಬರಹದ ಹಾಳೆಗಳನ್ನು ಅವನ ಮಡಿಲಲ್ಲಿಟ್ಟಳು.

ಅಣ್ಣ ಕನ್ನಡಕ ಸರಿ ಮಾಡಿಕೊಂಡು ಗಂಟಲು ಸರಿಪಡಿಸಿಕೊಂಡ. "ಬಾಗಿಲಲ್ಲಿ ನಿಂತಿದ್ದ ದೊಡ್ಡವರು ಯಾರೂ ಬಾಯಿ ಬಿಡಲಿಲ್ಲ, ಪೂರ್ಣವಿರಾಮ. ಅಮ್ಮ ಹೋದಳು, ಪೂರ್ಣವಿರಾಮ."

"ಹೋದಳು ಅಂತ ಎಲ್ಲಿದೆ?"

ಅಣ್ಣ ಹಾಳೆಯನ್ನು ಹತ್ತಿರ ಹಿಡಿದ, ದೂರ ಹಿಡಿದ. ಮುಖ ಸಣ್ಣದಾಯಿತು. "ಇಲ್ಲ ಅಲ್ವಾ," ಎಂದ.

"ಮತ್ತೆ ಯಾಕೆ ಹಾಗೆ ಓದ್ದೆ?"

"ಗೊತ್ತಿಲ್ಲ ಪುಟ್ಟಿ. ಕಣ್ಣಿಗೇನೋ ಕಾಣ್ಸತ್ತೆ, ಬಾಯಿಗೆ ಬರಲ್ಲ. ನಮ್ಮಮ್ಮ ಹೋದಾಗ ಅತ್ತೆ ನನ್ನ ಕಿವಿ ಹಿಂಡಿ ಹೇಳಿದ್ರು. ಪುಟ್ಟಿ ಮುಂದೆ ಆ ಮಾತು ಎತ್ತಿದ್ರೆ ನೋಡು ಅಂತ. ನಂಗಾಗ ಹನ್ನೆರಡು ವರ್ಷ."

"ಆ ಅತ್ತೇನೇ ಸತ್ತು ಇಪ್ಪತ್ತು ವರ್ಷ ಆಯ್ತು!"

"ಅತ್ತೆ ಹೋಗಿ ಇಪ್ಪತ್ತೆರಡು," ಎಂದು ಅಣ್ಣ ತಿದ್ದಿದ.

ಬೇರೆ ದಿನವಾಗಿದ್ದರೆ ಅವಳಿಗೆ ನಗು ಬರುತ್ತಿತ್ತು. ಈಗ ಮೈಯೆಲ್ಲ ಉರಿಯಿತು. ಬದಲಾಯಿಸಿದ್ದು ಪ್ರಕಾಶಕರು, ಆದರೆ ಅದನ್ನು ಕೈಹಿಡಿದು ದಾಟಿಸಿದವನು ಒಡಹುಟ್ಟಿದ ಅಣ್ಣ. ನಾಲ್ಕು ಸಲ ಅವನು ಹೋದಳು ಎಂದ, ನಾಲ್ಕು ಸಲ ಅಚ್ಚಿನಲ್ಲೂ ಹೋದಳು ಎಂದಿತ್ತು, ನಾಲ್ಕು ಸಲವೂ ಅವಳು ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದಳು. ಇಷ್ಟು ಅಚ್ಚುಕಟ್ಟಾಗಿ ಯಾರೂ ಯಾರಿಗೂ ಮೋಸ ಮಾಡಿರಲಿಕ್ಕಿಲ್ಲ.

"ನಿಂಗೆ ನೋವಾಗ್ಬಾರ್ದು ಅಂತ ಕಣೇ," ಎಂದ ಅಣ್ಣ.

ಅವಳು ಚಪ್ಪಲಿ ಮೆಟ್ಟಿಕೊಂಡಳು. "ಎಲ್ಲಿಗೆ?" ಎಂದು ಅವನು ಕೇಳುವಷ್ಟರಲ್ಲಿ ಮೆಟ್ಟಿಲ ಕೆಳಗಿದ್ದಳು.

ಪ್ರಕಾಶನದ ಕಚೇರಿ ಮುಂದೆ, ಮುದ್ರಣದ ಯಂತ್ರಗಳು ಹಿಂದೆ. ನಡುವಿನ ಗಾಜಿನ ಗೋಡೆ ಸದಾ ಸಣ್ಣಗೆ ನಡುಗುತ್ತಿತ್ತು. ಅವಳನ್ನು ಕಂಡದ್ದೇ ಸಂಪಾದಕಿ ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿದಳು. ಕೆಲಸಕ್ಕೆ ಸೇರಿ ವರ್ಷವಾಗದ ಹುಡುಗಿ. ಪ್ರಕಾಶಕರು ಮಾತ್ರ ಎದ್ದು ನಿಂತು, ಕುರ್ಚಿ ಎಳೆದು, ಟೀ ತರಿಸಲು ಹೇಳಿದರು. ಅವರು ಕೆಟ್ಟವರಲ್ಲ. ಬೇರೆ ಯಾರೂ ಮುಟ್ಟದ ಕಾಲದಲ್ಲಿ ಅವಳ ಮೊದಲ ಪುಸ್ತಕ ತಂದವರು.

"ಟೀ ಬೇಡ. ಪ್ಲೇಟ್ ಆಯ್ತಾ?"

"ಇನ್ನೂ ಇಲ್ಲ. ಕೂತ್ಕೊಳ್ಳಿ ಮೇಡಂ. ನೋಡಿ, ನಾನೇನು ಕದ್ದು ಮುಚ್ಚಿ ಮಾಡ್ಲಿಲ್ಲ. ಪ್ರೂಫಲ್ಲೇ ಹಾಕಿ ಕಳಿಸ್ದೆ. ನೀವು ಸಹಿ ಹಾಕಿದ್ರಿ, ಮನಸ್ಸು ಬದಲಾಯ್ತು ಅಂದ್ಕೊಂಡೆ."

"ಒಂದು ಮಾತು ಹೇಳಿ ಕಳಿಸ್ಬೋದಿತ್ತಲ್ಲ?"

"ಹೇಳಿದ್ರೆ ಹೂಂ ಅಂತಿದ್ರಾ?" ಪ್ರಕಾಶಕರು ನಕ್ಕರು, ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದರು. "ಹೋಗ್ಲಿ, ತೀರಿಕೊಂಡಳು ಅಂತ ಹಾಕೋಣ್ವಾ? ಸಮಿತಿಯವರನ್ನ ನಾನು ಒಪ್ಪಿಸ್ತೀನಿ."

"ಯಾವ ಸಾಲ ತೀರಿಸ್ಕೊಂಡ್ಲು ಅಂತ ಕೇಳತ್ತೆ ಮಗು."

"ಕಾಲವಾದಳು?"

"ಗಡಿಯಾರ ಆದ್ಲಾ ಅನ್ನತ್ತೆ."

ಕಂಪ್ಯೂಟರಿನ ಹಿಂದೆ ಯಾರೋ ನಗು ತಡೆದುಕೊಂಡ ಸದ್ದಾಯಿತು. ಪ್ರಕಾಶಕರು ಆ ಕಡೆ ಕಣ್ಣು ಬಿಟ್ಟರು. "ಒಂದು ಪದಕ್ಕೆ ಇಷ್ಟು ಹಟ ಯಾಕೆ ಮೇಡಂ? ಹೋದಳು ಅಂದ್ರೂ ಎಲ್ಲರಿಗೂ ಗೊತ್ತಾಗತ್ತೆ."

"ನಂಗೆ ಗೊತ್ತಾಗ್ಲಿಲ್ಲ," ಎಂದಳು ಕಾದಂಬರಿಕಾರ್ತಿ.

ಬಾಗಿಲಲ್ಲಿ ಅಣ್ಣ ಬಂದು ನಿಂತಿದ್ದ. ಏದುಸಿರು ಬಿಡುತ್ತಿದ್ದ, ಕಂಕುಳಲ್ಲಿ ಹಸ್ತಪ್ರತಿಯ ಕಟ್ಟು. ಆತುರದಲ್ಲಿ ಅವಳು ಬಿಟ್ಟುಬಂದಿದ್ದಳು. ಅವನನ್ನು ನೋಡಿಯೂ ಅವಳು ಮಾತು ನಿಲ್ಲಿಸಲಿಲ್ಲ.

"ನಂಗೆ ಏಳು ವರ್ಷ. ಅಮ್ಮಂಗೆ ಹುಷಾರಿರ್ಲಿಲ್ಲ, ಅಪ್ಪ ಊರಲ್ಲಿರ್ಲಿಲ್ಲ. ಎದುರುಮನೆ ದರ್ಜಿ ಮಾಮ ಟ್ಯಾಕ್ಸಿ ತಂದು ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಬರ್ತೀನಿ ಕಣೇ ಅಂತ ಹೇಳೇ ಹೋದ್ಲು ಅಮ್ಮ. ನನ್ನನ್ನ ಚಿಕ್ಕಮ್ಮನ ಮನೆಗೆ ಸಾಗ್ಸಿದ್ರು. ಹದಿನೈದು ದಿನ ಬಿಟ್ಟು ವಾಪಸ್ ಬಂದ್ರೆ, ಎಲ್ಲರದೂ ಒಂದೇ ಮಾತು. ಅಮ್ಮ ಹೋಗ್ಬಿಟ್ಲು. ಶಾಲೇಲಿ ನಾನೂ ಅದೇ ಹೇಳ್ದೆ. ನಮ್ಮಮ್ಮ ಹೋಗ್ಬಿಟ್ಲು ಅಂತ. ಪಕ್ಕದಲ್ಲಿ ಕೂರ್ತಿದ್ದ ಹುಡುಗಿ ಕೇಳಿದ್ಲು, ಯಾರ ಜೊತೆ?"

ಪ್ರಕಾಶಕರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

"ನಾನು ನಿಜಾನೇ ಹೇಳ್ದೆ. ದರ್ಜಿ ಮಾಮನ ಜೊತೆ, ಟ್ಯಾಕ್ಸೀಲಿ ಅಂತ. ಅದೇ ತಿಂಗಳು ಆ ದರ್ಜಿ ಅಂಗಡಿ ಮುಚ್ಚಿ ಬೇರೆ ಬೀದಿಗೆ ಹೋಗಿದ್ರು. ಮುಗೀತಲ್ಲ! ಒಂದು ವರ್ಷ ಇಡೀ ತರಗತಿಗೆ ನಮ್ಮಮ್ಮ ಓಡಿಹೋದವಳು. ಆಮೇಲಾಮೇಲೆ ನಂಗೂ ಹಾಗೇ ಅನ್ಸೋಕೆ ಶುರುವಾಯ್ತು. ಓಡಿಹೋಗ್ದೆ ಇದ್ರೆ ಬರ್ಬೇಕಿತ್ತಲ್ಲ? ಬರ್ತೀನಿ ಅಂದಿದ್ಲಲ್ಲ?"

"ಆ ಹುಡುಗೀನಾ ನೀನು ಕಚ್ಚಿದ್ದು?" ಬಾಗಿಲಲ್ಲಿದ್ದ ಅಣ್ಣನ ದನಿ ಇದು. ಕಂಡಕ್ಟರನ ದನಿಯಲ್ಲ. "ಟೀಚರ್ ನನ್ನ ಕರ್ಸಿದ್ರಲ್ಲ, ಕೈ ಕಚ್ಚಿದಾಳೆ ಅಂತ."

"ಅದಕ್ಕೇ ಕಚ್ಚಿದ್ದು."

"ದಾರೀಲಿ ನಾನು ನಿಂಗೆ ಹೊಡೆದೆ."

"ಹೊಡೆದೆ." ಅವಳು ಪ್ರಕಾಶಕರ ಕಡೆಗೆ ತಿರುಗಿದಳು. "ಕೊನೆಗೆ ಶಾಲೆಯ ಆಯಾ ಒಬ್ಬಳು ಕೂರಿಸ್ಕೊಂಡು ಹೇಳಿದ್ಲು. ನಿಮ್ಮಮ್ಮ ಓಡಿಹೋಗಿಲ್ಲ ಮಗಾ, ಸತ್ತೋಗಿದಾಳೆ ಅಂತ. ನಾನು ಏನು ಮಾಡ್ದೆ ಗೊತ್ತಾ? ನಕ್ಬಿಟ್ಟೆ. ಅಮ್ಮ ನನ್ನ ಬಿಟ್ಟು ಹೋಗಿಲ್ಲ ಅನ್ನೋ ಖುಷಿಗೆ. ಅಳು ಬಂದಿದ್ದು ಮಾರನೇ ದಿನ. ಒರಟು ಮಾತು ಅಂತೀರಲ್ಲ, ನಂಗೆ ನಮ್ಮಮ್ಮನ್ನ ವಾಪಸ್ ಕೊಟ್ಟಿದ್ದು ಆ ಮಾತು. ನಿಮ್ಮ ಮೆತ್ತನೆ ಮಾತು ಅವಳನ್ನ ದರ್ಜಿ ಜೊತೆ ಕಳಿಸಿತ್ತು."

ಗಾಜಿನಾಚೆ ಯಂತ್ರ ಯಾರದೋ ಮದುವೆಯ ಕಾಗದಗಳನ್ನು ಉಗುಳುತ್ತಿತ್ತು. ಪ್ರಕಾಶಕರು ಹಣೆ ಉಜ್ಜಿಕೊಂಡರು. "ನಂಗೆ ಅರ್ಥ ಆಗತ್ತೆ. ಆದ್ರೆ ಸಮಿತಿಗೆ ಇದನ್ನೆಲ್ಲ ಹೇಳೋಕಾಗತ್ತಾ? ನೀವು ಸಹಿ ಹಾಕಿದ ಪ್ರೂಫ್ ನನ್ನ ಹತ್ರ ಇದೆ ಮೇಡಂ."

"ಎಲ್ಲಿ, ಕೊಡಿ."

ಅವರು ಕೊಟ್ಟರು. ಅವಳು ಕೊನೆಯ ಪುಟ ತೆಗೆದು, ಅವರ ಮೇಜಿನ ಮೇಲಿದ್ದ ಪೆನ್ನನ್ನೇ ಎತ್ತಿಕೊಂಡು, ತನ್ನ ಸಹಿಯನ್ನು ಬಾಲದ ಸಮೇತ ಹೊಡೆದುಹಾಕಿದಳು. ಪಕ್ಕದಲ್ಲಿ 'ತಪ್ಪಿದೆ' ಎಂದು ಬರೆದಳು.

"ಈಗ ಇಲ್ಲ," ಎಂದಳು.

"ಶಾಲೆಗಳು ಕೈಬಿಟ್ಟು ಹೋಗ್ತವೆ."

"ಹೋಗ್ಲಿ ಬಿಡಿ. ಹೋದದ್ದು ಒಂದಿನ ವಾಪಸ್ ಬರ್ಬೋದು. ಆ ಪದಕ್ಕೆ ಆ ಅರ್ಥ ಇದೆ. ಅದಕ್ಕೇ ನನ್ನ ಪುಸ್ತಕದಲ್ಲಿ ಅದು ಬೇಡ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಪ್ರತಿ ಶಾಲೆಯಲ್ಲೂ ಒಂದು ಕಪಾಟು, ಪ್ರತಿ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತ ಒಂದು ಮಗು, ಈ ಚಿತ್ರವನ್ನು ಅವಳು ತಿಂಗಳಿಡೀ ಮನಸ್ಸಿನಲ್ಲಿ ಸಾಕಿಕೊಂಡಿದ್ದಳು. ಈಗ ಅದನ್ನು ತಾನೇ ಬಾಗಿಲಿಂದಾಚೆ ಕಳಿಸಿದ್ದಳು. ಪ್ರಕಾಶಕರು ಎಳೆದಿಟ್ಟಿದ್ದ ಕುರ್ಚಿಯಲ್ಲಿ ಆಗ ಕೂತಳು.

ಪ್ರಕಾಶಕರು ಬಹಳ ಹೊತ್ತು ಆ ಪುಟವನ್ನೇ ನೋಡಿದರು. ಆಮೇಲೆ ಯಂತ್ರದ ಕಡೆ ಹೋಗಿ ಏನೋ ಹೇಳಿ ಬಂದರು. "ಅರ್ಧ ಗಂಟೆ," ಎಂದರು. "ತಿದ್ದಿಸ್ಕೊಳ್ಳಿ. ನನ್ನ ಬೈಕೊಂಡೇ ತಿದ್ದಿಸ್ಕೊಳ್ಳಿ, ಪರವಾಗಿಲ್ಲ. ಆದ್ರೆ ಹಸ್ತಪ್ರತಿ ನೋಡ್ಕೊಂಡು ತಿದ್ದಿ. ಇನ್ನೊಂದು ಸಲ ಎಡವಟ್ಟಾಗೋದು ಬೇಡ."

ಸಂಪಾದಕಿ ಆಗಲೇ ಒಂಬತ್ತನೇ ಅಧ್ಯಾಯ ತೆರೆದಿದ್ದಳು. "ಯಾರಾದ್ರೂ ಓದಿ ಹೇಳಿ ಮೇಡಂ, ನಾನು ತಿದ್ದುತೀನಿ," ಎಂದಳು.

ಕಾದಂಬರಿಕಾರ್ತಿ ಹಸ್ತಪ್ರತಿಗಾಗಿ ಕೈ ಚಾಚಿದಳು. ಅಣ್ಣ ಕೊಡಲಿಲ್ಲ. ಹುಡುಗಿಯ ಪಕ್ಕದ ಸ್ಟೂಲನ್ನು ಕಾಲಲ್ಲೇ ಎಳೆದುಕೊಂಡು ಕೂತು, ಕಟ್ಟು ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಹಾಳೆಗಳನ್ನು ತಿರುವಿದ. ಟಿಕೆಟ್ ಹರಿದು ಹರಿದು ಬಂದ ಅಭ್ಯಾಸ ಅದು.

"ಬಾಗಿಲಲ್ಲಿ ನಿಂತಿದ್ದ ದೊಡ್ಡವರು ಯಾರೂ ಬಾಯಿ ಬಿಡಲಿಲ್ಲ, ಪೂರ್ಣವಿರಾಮ," ಎಂದು ಶುರು ಮಾಡಿದ. "ಅಮ್ಮ ಹೋ..."

ನಿಂತ. ಹುಡುಗಿಯ ಬೆರಳುಗಳು ಕೀಲಿಗಳ ಮೇಲೆ ಕಾಯುತ್ತಿದ್ದವು. ಅಣ್ಣ ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ. ಬೆರಳನ್ನು ಆ ಪದದ ಕೆಳಗಿಟ್ಟು, ಒಂದನೇ ತರಗತಿಯ ಮಗು ಕಾಗುಣಿತ ಕೂಡಿಸುವ ಹಾಗೆ ತುಟಿ ಅಲುಗಿಸಿದ. ದನಿ ಹೊರಡಲಿಲ್ಲ. ಅರವತ್ತನಾಲ್ಕು ವರ್ಷದವನ ಕಿವಿ ಕೆಂಪಗಾಗಿತ್ತು, ಈಗಷ್ಟೇ ಯಾರೋ ಹಿಂಡಿದ ಹಾಗೆ.

"ನಾನು ಓದ್ಲಾ ಅಣ್ಣ?" ಎಂದು ಕೇಳಿದಳು ಅವಳು. ಸಿಟ್ಟು ಯಾವಾಗ ಇಳಿದಿತ್ತೋ ಅವಳಿಗೇ ತಿಳಿಯಲಿಲ್ಲ.

ಅಣ್ಣ ಬೇಡವೆಂದು ಕೈ ಆಡಿಸಿದ. ಹಾಳೆಯಿಂದ ತಲೆ ಎತ್ತಿ ತಂಗಿಯ ಮುಖ ನೋಡಿದ.

"ಅಮ್ಮ ಸತ್ತಳು," ಎಂದ. "ಸತ್ತೋದ್ಲು ಪುಟ್ಟಿ."

ಹುಡುಗಿ ಟೈಪ್ ಮಾಡಿದಳು. ಮುಂದಿನದಕ್ಕೆ ಕಾದಳು. ಹನ್ನೊಂದು ಪುಸ್ತಕಗಳಲ್ಲಿ ಒಂದು ಚುಕ್ಕೆಯನ್ನೂ ಬಿಡದ ಅಣ್ಣ ಏನನ್ನೂ ಹೇಳದೆ ಕೂತಿದ್ದ.

"ಪೂರ್ಣವಿರಾಮ," ಎಂದಳು ಕಾದಂಬರಿಕಾರ್ತಿ.

ಹುಡುಗಿ ಚುಕ್ಕೆ ಇಟ್ಟಳು. ಅಣ್ಣ ಬೆರಳಿಗೆ ಎಂಜಲು ಹಚ್ಚಿಕೊಂಡು ಎರಡನೆಯದನ್ನು ಹುಡುಕತೊಡಗಿದ.