ಅಲ್ಲಾಡದ ಮೇಜು

ಬೀದಿಯವರೆಲ್ಲ ಅವಳನ್ನು ಅರ್ಧಬೆಲೆ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಳೇ ಸಾಮಾನು ಕೊಳ್ಳುವವರು ಅವಳನ್ನು ಜೊತೆಗೆ ಕರೆದುಕೊಳ್ಳದೆ ಹೊಸ್ತಿಲು ದಾಟುತ್ತಿರಲಿಲ್ಲ. ಚೌಕಾಸಿಗೂ ಒಂದು ಮರ್ಯಾದೆ ಇದೆ ಎಂಬುದು ಅವಳ ವಾದ: ಮಾರುವವರನ್ನು ಬೈಯಬಾರದು, ವಸ್ತುವನ್ನು ಮಾತ್ರ ಬೈಯಬೇಕು. ಹುಳುಕಿದ್ದರೆ ತೋರಿಸಬೇಕು, ಇಲ್ಲದಿದ್ದರೆ ಹುಟ್ಟಿಸಬೇಕು.

ನಾದಿನಿಗೆ ಮೇಜು ಬೇಕಾದಾಗಲೂ ಹಾಗೇ ಮಾಡಿದಳು. ಮಾರುತ್ತಿದ್ದವಳು ಒಬ್ಬ ಮುದುಕ ಬಡಗಿಯ ಸೊಸೆ. ಮೇಜು ಬಂಡೆಯಂತೆ ನಿಂತಿತ್ತು. ಅತ್ತಿಗೆ ಭಾರ ನೋಡುವವಳಂತೆ ಅದನ್ನು ತುಸು ಎತ್ತಿ, ಸವೆದ ಚಪ್ಪಲಿಯ ತುದಿಯನ್ನು ಒಂದು ಕಾಲಿನಡಿ ತೂರಿಸಿ, ಮೇಲಿಂದ ಒತ್ತಿದಳು. ಮೇಜು ಟಕಟಕ ಎಂದಿತು.

"ಈ ಕಾಲು ಉದ್ದ ಆಗಿದೆ ನೋಡಮ್ಮ. ಇದರ ಮೇಲೆ ಮಗು ಬರೆಯೋದು ಹೇಗೆ?"

ಒಳಗಿಂದ ಬಡಗಿಯೇ ಬಂದ. "ನಾನು ಮಾಡಿದ ಮೇಜು ಅಲ್ಲಾಡಲ್ಲ" ಎಂದು ಕೈಯಿಟ್ಟ. ಅಲ್ಲಾಡಿತು. ಕಣ್ಣು ಮಂಜು, ಬಗ್ಗಿ ನೋಡುವ ಸೊಂಟವೂ ಅಲ್ಲ. ಇನ್ನೊಮ್ಮೆ ಒತ್ತಿ, ಅಂಗೈಯನ್ನು ತಿರುಗಿಸಿ ನೋಡಿಕೊಂಡ.

"ಅದಕ್ಕೇ ಹೇಳೋದು ಮಾವ, ಉಳಿ ಮುಟ್ಟಬೇಡಿ ಅಂತ" ಎಂದಳು ಸೊಸೆ. "ನಿಮ್ಮ ಕೈಗೆ ಈಗ ಹಿಡಿತ ಇಲ್ಲ."

ಅರ್ಧ ಬೆಲೆಗೆ ಮೇಜು ಬಂತು. ದಾರಿಯುದ್ದಕ್ಕೂ ನಾದಿನಿ ಹೊಗಳಿದ್ದೇ ಹೊಗಳಿದ್ದು. ಅತ್ತಿಗೆಗೆ ಮಾತ್ರ ಆ ಮುದುಕ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡದ್ದೇ ಕಣ್ಣಿಗೆ ಕಟ್ಟಿತ್ತು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಮರುದಿನ ನಾದಿನಿಯ ಮನೆಗೆ ಹೋದರೆ, ಮೇಜು ಇನ್ನೂ ಹೊರಗೆ ವರಾಂಡದಲ್ಲೇ ಇತ್ತು. ಅದರ ಪಕ್ಕ ಬಡಗಿ ಚೀಲ ಹಿಡಿದು ಕೂತಿದ್ದ. ಅವಳು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

"ದುಡ್ಡಿಗೆ ಬಂದಿಲ್ಲಮ್ಮ" ಎಂದ. "ನಾನು ಕೊನೇದಾಗಿ ಮಾಡಿದ ಮೇಜು ಇದು. ಇದನ್ನ ಸರಿ ಮಾಡಿದೆ ಅಂತಾದ್ರೆ ಮನೇಲಿ ಮತ್ತೆ ಉಳಿ ಹಿಡಿಯೋಕೆ ಬಿಡ್ತಾರೇನೋ. ಆದರೆ ಇವತ್ತು ಅಲ್ಲಾಡೋದೇ ಕೈಗೆ ಗೊತ್ತಾಗ್ತಿಲ್ಲ. ಅಷ್ಟು ಕೆಟ್ಟೋಗಿದೆ ಕೈ. ಯಾವ ಕಾಲು, ನೀವೇ ತೋರಿಸಿ."

ಅಜ್ಜ, ಅದನ್ನು ಅಲ್ಲಾಡಿಸಿದ್ದು ನಾನು ಎಂಬ ಮಾತು ತುಟಿಯವರೆಗೆ ಬಂತು. ಅಷ್ಟರಲ್ಲಿ ನಾದಿನಿ, "ನಮ್ಮತ್ತಿಗೆ ಕಣ್ಣಿಂದ ತಪ್ಪಿಸ್ಕೊಳ್ಳೋ ಹುಳುಕೇ ಇಲ್ಲ" ಎಂದಳು, ಹೆಮ್ಮೆಯಿಂದ. ಮಾತು ಹಿಂದಕ್ಕೆ ಹೋಯಿತು. ಬೆರಳು ಅದೇ ಕಾಲನ್ನು ತೋರಿಸಿತು. ತನ್ನ ಬೆರಳಿನ ಮೇಲೇ ಅವಳಿಗೆ ಹೇಸಿಗೆಯಾಯಿತು.

ಬಡಗಿ ಮೇಜನ್ನು ಮಗುಚಿ, ಉಳಿಯಿಂದ ಸವರಿ, ಅರದಿಂದ ಉಜ್ಜಿದ. ಈಗಲಾದರೂ ಬಾಯಿ ಬಿಡು ಎಂದು ಅವಳ ಮನಸ್ಸಿನೊಳಗಿಂದ ಯಾರೋ ತಿವಿಯುತ್ತಲೇ ಇದ್ದರು. ಬಿಡಲಿಲ್ಲ ಪುಣ್ಯಾತ್ಗಿತ್ತಿ. ಎಷ್ಟು ಹದವಾಗಿ ಉಜ್ಜಿದನೆಂದರೆ, ಅದು ಕೈ ಕೆಟ್ಟವನ ಕೆಲಸವೇ ಅಲ್ಲ.

ಮೇಜನ್ನು ನಿಲ್ಲಿಸಿದರು. ಅವಳು ಅಂಚಿಗೆ ಕೈಯಿಟ್ಟಳು. ಈಗ ನಿಜವಾಗಿಯೂ ಅಲ್ಲಾಡುತ್ತಿತ್ತು.

ಬಡಗಿ ಅಂಗೈ ಒರೆಸಿಕೊಂಡು ಮುಂದೆ ಬಂದ. ಅತ್ತಿಗೆ ಸರಸರನೆ ಹತ್ತಿರ ಸರಿದು, ಅದೇ ಚಪ್ಪಲಿಯ ತುದಿಯನ್ನು ಅದೇ ಕಾಲಿನಡಿ ತೂರಿಸಿದಳು. ಅವನು ಒತ್ತಿದ. ಮೇಜು ಮಿಸುಕಲಿಲ್ಲ.

"ಸರಿಯಾಯ್ತಾ?"

"ಸರಿಯಾಯ್ತು ಅಜ್ಜ. ನಿಮ್ಮ ಕೈಗೆ ಏನೂ ಆಗಿಲ್ಲ."

ಅವಳಾಡಿದ್ದರಲ್ಲಿ ಅದೊಂದೇ ನಿಜ. ಮುದುಕನ ಮುಖ ಅರಳಿತು. ಚೀಲವನ್ನು ಹೆಗಲಿಗೇರಿಸಿ, ಎಳೇ ಹುಡುಗನ ಹಾಗೆ ಬೀದಿ ಹಿಡಿದು ಹೊರಟ.

"ಬನ್ನಿ ಅತ್ತಿಗೆ, ಮೇಜು ಒಳಗಿಡೋಣ" ಎಂದಳು ನಾದಿನಿ. "ನೀವು ಆ ಕಡೆ ಹಿಡೀರಿ."

ಬಡಗಿ ತಿರುವಿನಲ್ಲಿ ಮರೆಯಾಗಿ ಎಷ್ಟೋ ಹೊತ್ತಾಗಿತ್ತು. ಅತ್ತಿಗೆ ಕಾಲು ತೆಗೆಯಲಾರದೆ ಅಲ್ಲೇ ನಿಂತಿದ್ದಳು.