ಒಳ್ಳೆಯ ಪಾತ್ರೆ

ಗುಂಡಣ್ಣನಿಗೆ ಮಾಡಲು ಕೆಲಸವಿರಲಿಲ್ಲ. ಎರಡು ಸಾವಿರದ ಒಂದರಲ್ಲಿ ಕಾರ್ಖಾನೆಯವರು ಸ್ವಯಂನಿವೃತ್ತಿ ಎಂದು ಹೆಸರಿಟ್ಟು, ಐವತ್ತೆರಡನೆಯ ವಯಸ್ಸಿಗೇ ಅವನನ್ನು ಮನೆಗೆ ಕಳಿಸಿದ್ದರು. ಅಲ್ಲಿ ಇಪ್ಪತ್ತೇಳು ವರ್ಷ ತಪಾಸಣೆ ವಿಭಾಗದಲ್ಲಿ ಕೂತು, ಯಂತ್ರದಿಂದ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕಿಡುತ್ತಿದ್ದ. ಪದ್ಮನಾಭನಗರದ ಮನೆಯಲ್ಲಿ ಅಳೆಯುವಂಥದ್ದೇನೂ ಇರಲಿಲ್ಲ. ಮೊದಲ ಆರು ತಿಂಗಳು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು, ಅನ್ನಕ್ಕೆ ನೀರು ಹೆಚ್ಚಾಯಿತು, ಒಲೆಯ ಉರಿ ದೊಡ್ಡದಾಯಿತು ಎಂದು ಹೇಳುತ್ತ ನಿಂತಿರುತ್ತಿದ್ದ.

"ರೀ, ಇದು ನಿಮ್ಮ ಫ್ಯಾಕ್ಟ್ರಿ ಅಲ್ಲ. ಹೋಗಿ ಹಾಲ್‌ನಲ್ಲಿ ಕೂತ್ಕೊಳಿ" ಎಂದು ಹೆಂಡತಿ ಚೂಡಾಮಣಿ ಒಂದು ದಿನ ಸೌಟು ಹಿಡಿದುಕೊಂಡೇ ಹೇಳಿದಳು. ಹೋದವನು ಅಲ್ಲೇ ಉಳಿದ.

ಹಾಲ್‌ನ ಗೋಡೆಗೆ ಒತ್ತಿದಂತೆ ಅವನು ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಇಡಿಸಿದ. ಸಿಹಿನೀರಿನ ಬಣ್ಣದ ಮೀನಲ್ಲ, ಸಮುದ್ರದ್ದು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವರು ಉಪ್ಪಿನ ಪುಡಿ ಕೊಟ್ಟರು, ಜೀವವಿದ್ದ ಕಡಲಕಲ್ಲು ಕೊಟ್ಟರು, ಕಿತ್ತಳೆ ಬಣ್ಣದ ಎರಡು ಮೀನು, ಎರಡು ಸೀಗಡಿ, ಅಂಗಿಯ ಗುಂಡಿಯಷ್ಟಗಲದ ಹನ್ನೊಂದು ಸಣ್ಣ ಹವಳ ಕೊಟ್ಟರು. ಕೊನೆಗೆ ಹೆಬ್ಬೆರಳಷ್ಟು ದಪ್ಪದ ಒಂದು ಹವಳ ಕೊಟ್ಟರು. ಚರ್ಮದ ಹವಳ ಎಂದು ಅದರ ಹೆಸರು. ಅಣಬೆಯ ಹಾಗೆ ಕಾಂಡ, ಮೇಲೆ ಮಡಿಕೆ ಬಿದ್ದ ತಟ್ಟೆ. ಬೆಳಕು ಹಾಕಿದರೆ ತಟ್ಟೆಯ ತುಂಬ ಸಾಸಿವೆ ಗಾತ್ರದ ಬೆರಳುಗಳನ್ನು ಚಾಚುತ್ತಿತ್ತು. ಎರಡು ವರ್ಷದಲ್ಲಿ ಅದು ಅಂಗೈಯಗಲ ಆಯಿತು. ಗುಂಡಣ್ಣ ವಾರಕ್ಕೊಮ್ಮೆ ಗಾಜಿನ ಹೊರಗೆ ಸ್ಕೇಲು ಹಿಡಿದು ಅದನ್ನು ಅಳೆಯುತ್ತಿದ್ದ. ಮನೆಯಲ್ಲಿ ಬೆಳೆಯುತ್ತಿದ್ದದ್ದು ಅದೊಂದೇ.

ಮೂರನೆಯ ವರ್ಷ ಪಾಚಿ ಬಂತು.

ಮೊದಲು ಕಲ್ಲಿನ ಅಂಚಿಗೆ ಹಸಿರು ನೂಲಿನ ಹಾಗೆ ಕಾಣಿಸಿಕೊಂಡಿತು. ಹದಿನೈದು ದಿನಕ್ಕೆ ಕೂದಲಾಯಿತು, ತಿಂಗಳಿಗೆ ಜಡೆಯಾಯಿತು. ಗುಂಡಣ್ಣ ಹಲ್ಲುಜ್ಜುವ ಬ್ರಷ್ ತಗೊಂಡು ಒಂದೊಂದೇ ಕಲ್ಲನ್ನು ಉಜ್ಜಿದ. ಉಜ್ಜಿದ್ದು ನಾಲ್ಕೇ ದಿನಕ್ಕೆ ಮತ್ತೆ ಬೆಳೆಯಿತು. ದೀಪ ಉರಿಸುವ ಹೊತ್ತು ಕಡಿಮೆ ಮಾಡಿದ. ಮೀನಿಗೆ ಮೇವು ಕಡಿಮೆ ಮಾಡಿದ. ಮೂರು ದಿನ ತೊಟ್ಟಿಗೆ ಕರಿ ಕಂಬಳಿ ಹೊದಿಸಿ ಕತ್ತಲಲ್ಲಿಟ್ಟ. ಕಂಬಳಿ ತೆಗೆದಾಗ ಹವಳ ಸೊರಗಿತ್ತು, ಪಾಚಿ ಹಾಗೇ ಇತ್ತು. ಇಪ್ಪತ್ತು ಕಡಲ ಬಸವನಹುಳು ತಂದು ಬಿಟ್ಟ. ಅವು ಗಾಜು ನೆಕ್ಕಿದವು, ಉದ್ದ ಕೂದಲನ್ನು ಮುಟ್ಟಲಿಲ್ಲ.

ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು. ಎದುರುಮನೆಯ ಪರಮಶಿವಯ್ಯ, "ಏನ್ ಗುಂಡಣ್ಣೋರೆ, ನೀರೊಳಗೇ ಹುಲ್ಲು ಬೆಳೆಸಿದೀರಾ? ಒಂದು ಹಸು ಕಟ್ಬಿಡಿ" ಎಂದು ಹೇಳಿ ತಾನೇ ನಕ್ಕ.

ಅವತ್ತೇ ಚೂಡಾಮಣಿ ಕಡ್ಡಿ ಮುರಿದಂತೆ ಹೇಳಿದಳು. "ಯುಗಾದಿಗೆ ಪೇಂಟ್ ಹೊಡೆಸ್ತೀನಿ. ಅಷ್ಟರೊಳಗೆ ಇದು ಸರಿಹೋದ್ರೆ ಇರ್ಲಿ. ಇಲ್ದಿದ್ರೆ ತೆಗೆಸಿ. ನನಗೂ ಈ ಮನೇಲಿ ಒಂದು ಗೋಡೆ ಬೇಕು."

"ಆಯ್ತು" ಎಂದ ಗುಂಡಣ್ಣ. ಪಾಚಿ ಅಷ್ಟು ಹೊತ್ತಿಗೆ ಚರ್ಮದ ಹವಳದ ಕಾಂಡಕ್ಕೆ ಸುತ್ತಿಕೊಂಡಿತ್ತು. ಗೋಡೆ ಹೋದರೆ ಹೋಗಲಿ. ಹವಳ ಹೋದರೆ ತಾನು ಬೆಳಿಗ್ಗೆ ಎದ್ದು ಯಾವುದರ ಮುಂದೆ ಕೂರಬೇಕು ಎಂಬುದು ಅವನಿಗೆ ತಿಳಿದಿರಲಿಲ್ಲ.

ಅಂಗಡಿಯಿಂದ ಮೌನೇಶ ಬಂದ. ಲಿಂಗಸುಗೂರಿನ ಕಡೆಯವನು, ಮೂವತ್ತೈದರ ಆಸುಪಾಸು, ಬಿಟಿಎಂನಲ್ಲಿ ಬಾಡಿಗೆಗಿದ್ದ. ಊರಿನಲ್ಲೆಲ್ಲ ತೊಟ್ಟಿ ತೊಳೆದು ತೊಳೆದು ಅವನ ಬೆರಳ ಸಂದು ಬೆಳ್ಳಗಾಗಿತ್ತು. ಕೈ ಅದ್ದಿ, ಒಂದು ಹಿಡಿ ಪಾಚಿ ಕಿತ್ತು, ಹಿಂಡಿ ನೋಡಿದ.

"ಸರ, ಆವಿಯಾದ ನೀರಿನ ಬದಲು ಯಾವ ನೀರು ಹಾಕ್ತೀರಿ?"

"ಕಾವೇರಿ ಬಂದ ದಿನ ಕಾವೇರಿ. ಇಲ್ಲಾಂದ್ರೆ ಬೋರು."

"ಅದಕ್ಕ ನೋಡ್ರಿ. ನೀವು ಪಾಚಿ ಕೀಳಾಕತ್ತಿಲ್ಲ, ಬೋರಿನ ನೀರು ಹಾಕಿ ಅದಕ್ಕ ಗೊಬ್ಬರ ಕೊಡಾಕತ್ತೀರಿ. ಮನ್ಯಾಗ ಆರ್‌ಓ ಫಿಲ್ಟರ್ ಐತಿ ಹೌದಲ್ಲ? ಅದರ ನೀರು ಹಾಕ್ರಿ. ವಾರಕ್ಕ ಎರಡು ಸಲ ಅರ್ಧರ್ಧ ಬದಲಿ ಮಾಡ್ರಿ. ಉಪವಾಸ ಬಿದ್ದು ತಾನ ಸಾಯತೈತಿ."

ಫಿಲ್ಟರಿನಿಂದ ಹನಿಹನಿಯಾಗಿ ಬೀಳುವ ನೀರು. ಮೊದಲ ವಾರ ಗುಂಡಣ್ಣನೇ ಹಿಡಿದ. ಎರಡನೆಯ ವಾರ ತುಂಬಿದ ಕ್ಯಾನ್ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮೂರು ವಾರ ಏನನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಅವನು ಹಾಲ್‌ನ ದಿವಾನದ ಮೇಲೆ ಮಲಗಿ, ತಲೆ ತಿರುಗಿಸಿ ತೊಟ್ಟಿಯನ್ನೇ ನೋಡುತ್ತಿದ್ದ.

ಒಂದು ಬೆಳಿಗ್ಗೆ ಚೂಡಾಮಣಿ ಬಂದು ನಿಂತು, "ಏನು, ನೀರು ಹಿಡಿದು ಕೊಟ್ರೆ ಆಯ್ತು ತಾನೆ? ನಾನು ಹಿಡೀತೀನಿ" ಎಂದಳು. ಮೂರು ವರ್ಷದಲ್ಲಿ ಅವಳು ತೊಟ್ಟಿಯ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಗುಂಡಣ್ಣ ಅದಕ್ಕೂ ಅಧಿಕಾರ ಮಾಡಿದ.

"ಬಕೆಟ್‌ನಲ್ಲಿ ಹಿಡೀಬೇಡ, ಸೋಪಿರತ್ತೆ. ಯಾವುದಾದ್ರೂ ಒಳ್ಳೇ ಪಾತ್ರೇಲಿ ಹಿಡಿ."

"ಒಳ್ಳೇ ಪಾತ್ರೇಲೇ ಹಿಡೀತೀನಿ, ನಿಮ್ಮ ರಾಜಕುಮಾರರಿಗೆ."

ಅವಳು ಅಟ್ಟದಿಂದ ತವರಿನ ತಾಮ್ರದ ಹಂಡೆ ಇಳಿಸಿದಳು. ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ತಿಕ್ಕಿ, ತೊಳೆದು, ಫಿಲ್ಟರಿನ ಕೆಳಗಿಟ್ಟಳು. ಅಡುಗೆಮನೆಯಿಂದಲೇ, "ರೀ, ಹಂಡೆ ಒಂದೇ ಸಾಕಾ?" ಎಂದು ಕೂಗಿದಳು. ಗುಂಡಣ್ಣ ಮಲಗಿದಲ್ಲಿಂದಲೇ "ಸಾಕು" ಎಂದ.

ಅವನು ಹಂಡೆಯನ್ನು ನೋಡದೇ ಇರಲಿಲ್ಲ. ಊಟಕ್ಕೆ ಎದ್ದು ಹೋಗುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಮೀನಿನ ಔಷಧಿಯ ಬಾಟಲಿಯ ಮೇಲೆ, ತಾಮ್ರ ಇದೆ, ಹವಳವಿದ್ದ ತೊಟ್ಟಿಗೆ ಹಾಕಬೇಡಿ ಎಂದು ಬರೆದಿದ್ದನ್ನು ಅವನು ಕನ್ನಡಕ ಹಾಕಿಕೊಂಡು ಓದಿದ್ದ. ಓದಿ, ಬಾಟಲಿಯನ್ನು ಬೀರುವಿನ ಮೇಲಿಟ್ಟಿದ್ದ. ಆದರೆ ಬಾಟಲಿಯ ತಾಮ್ರ ವಿಷ. ಅಡುಗೆಮನೆಯ ತಾಮ್ರ ಪಾತ್ರೆ. ಹುಟ್ಟಿದಾಗಿನಿಂದ ಅದರಲ್ಲಿಟ್ಟ ನೀರು ಒಳ್ಳೆಯದೆಂದು ಕುಡಿದು ಬೆಳೆದವನಿಗೆ ಎರಡೂ ಒಂದೇ ಲೋಹ ಎಂದು ಹೊಳೆಯಲೇ ಇಲ್ಲ.

ಚೂಡಾಮಣಿ ಎರಡು ಮೂರು ದಿನ ತುಂಬಿಸಿಟ್ಟ ನೀರನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಬಗ್ಗಿಸಿ, ಅವನು ಹೇಳಿದಷ್ಟು ಉಪ್ಪು ಕದಡಿ, ಚೊಂಬಿನಲ್ಲಿ ಮೊಗೆದು ಮೊಗೆದು ತೊಟ್ಟಿಗೆ ಹಾಕಿದಳು. ಹಾಕುತ್ತ ಮೀನಿನ ಜೊತೆ ಮಾತಾಡಿದಳು. ಗಂಡನತ್ತ ತಿರುಗಿ, "ನೋಡಿ, ಇದು ಹೆಂಗೆ ನನ್ನನ್ನೇ ಗುರಾಯಿಸತ್ತೆ. ಥೇಟು ನಿಮ್ಮ ಅಕ್ಕನ ಥರ" ಎಂದಾಗ ಗುಂಡಣ್ಣ ಸೊಂಟ ಹಿಡಿದುಕೊಂಡು ನಕ್ಕ. ಸಂಜೆ ಅವಳೂ ಕುರ್ಚಿ ಎಳೆದುಕೊಂಡು ದಿವಾನದ ಪಕ್ಕ ಕೂರತೊಡಗಿದಳು.

ಹತ್ತನೆಯ ದಿನ ಪಾಚಿಯ ತುದಿ ಬೆಳ್ಳಗಾಯಿತು. ಮುಟ್ಟಿದರೆ ಕೊಳೆತ ನೂಲಿನ ಹಾಗೆ ಕಿತ್ತು ಬಂತು. ಯುಗಾದಿಯ ಹೊತ್ತಿಗೆ ಕಲ್ಲುಗಳೆಲ್ಲ ಬರಿದಾಗಿ ಕಂಡವು. ಬೇವುಬೆಲ್ಲಕ್ಕೆ ಬಂದ ಪರಮಶಿವಯ್ಯ, "ಹಸು ಕಟ್ಟೇಬಿಟ್ರಲ್ಲ" ಎಂದ. ಚೂಡಾಮಣಿ, "ಆ ಹಸು ನಾನೇ" ಎಂದಳು. ಪೇಂಟಿನ ಮಾತು ಯಾರೂ ಎತ್ತಲಿಲ್ಲ.

ಅದೇ ವಾರ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಕಳಚಿ ಮರಳಿಗೆ ಬಿದ್ದಿದ್ದವು. ತಿನ್ನಲು ಪಾಚಿ ಉಳಿದಿಲ್ಲ, ಹಸಿವಿಗೆ ಸತ್ತವು ಎಂದು ಗುಂಡಣ್ಣ ಲೆಕ್ಕ ಹಾಕಿದ. ಸೀಗಡಿಗಳೆರಡೂ ಕಾಣಿಸಲಿಲ್ಲ, ಕಲ್ಲಿನ ಹಿಂದೆ ಅವಿತಿರಬೇಕು ಎಂದುಕೊಂಡ. ಚರ್ಮದ ಹವಳ ಬೆರಳು ಒಳಗೆಳೆದುಕೊಂಡು ಮುದುಡಿತ್ತು. ಅದು ಆಗಾಗ ಹಾಗೆ ಮುದುಡಿ ಪೊರೆ ಬಿಡುವುದುಂಟು. ಒಂದು ವಾರ ಕಾದ. ಪೊರೆ ಬಿಡಲಿಲ್ಲ; ಕಾಂಡ ಕಂದಾಗಿ, ಬುಡದಲ್ಲಿ ಕರಗತೊಡಗಿತು. ಆಗ ಅಂಗಡಿಗೆ ಫೋನ್ ಮಾಡಿದ.

ಮೌನೇಶ ತೊಟ್ಟಿಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತಿದ್ದ. ಎದ್ದು, "ಅಕ್ಕಾರ, ಫಿಲ್ಟರಿನ ನೀರು ಎದರಾಗ ಹಿಡೀತೀರಿ?" ಎಂದು ಕೇಳಿದ.

"ಬಾಪ್ಪ, ತೋರಿಸ್ತೀನಿ" ಎಂದು ಚೂಡಾಮಣಿ ಒಳಗೆ ಕರೆದುಕೊಂಡು ಹೋದಳು. ಹಿಂದೆ ಗುಂಡಣ್ಣ ಗೋಡೆ ಹಿಡಿದುಕೊಂಡು ಬಂದ. "ಎರಡು ದಿನಕ್ಕೊಂದ್ ಸಲ ಹುಣಸೆಹಣ್ಣು ಹಾಕಿ ತಿಕ್ತೀನಿ. ಒಂಚೂರು ಕಲೆ ಇಲ್ಲ ನೋಡು ಬೇಕಾದ್ರೆ."

ಮೌನೇಶ ಹಂಡೆಯೊಳಗೆ ಕೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ.

"ಇದು ತಾಮ್ರ ಐತಲ್ರಿ."

"ಹೂಂ. ನಮ್ಮಮ್ಮಂದು."

"ಇಂಥಾ ಸೋಸಿದ ನೀರು ತಾಮ್ರ ತಿಂತೈತ್ರೀ ಅಕ್ಕಾರ. ತಿಕ್ಕಿದಷ್ಟೂ ಜಾಸ್ತಿ ತಿಂತೈತಿ. ಮೀನು ಹೆಂಗೋ ತಡೀತಾವ. ಹುಳ, ಸೀಗಡಿ, ಹವಳ ಯಾವೂ ತಡಿಯಂಗಿಲ್ಲ." ಹಂಡೆಯಿಂದ ಕೈ ತೆಗೆದು, "ಪಾಚೀನೂ ಅದಕ್ಕ ಸತ್ತದ್ದು" ಎಂದ.

ಗುಂಡಣ್ಣ ಕೇಳಿದ: "ನೀರು ಪೂರ್ತಿ ಬದಲಾಯಿಸಿದ್ರೆ?"

"ಕಲ್ಲು ಕುಡದಾವ್ರಿ ಸರ. ಮರಳೂ ಕುಡದೈತಿ. ನೀವು ಎಷ್ಟು ಬದಲಿ ಮಾಡಿದ್ರೂ ದಿನಾ ಒಂದೀಟು ಉಗುಳತಾವ. ಈ ಕಲ್ಲಿನ ಮ್ಯಾಲ ಇನ್ನ ಹವಳ ಬೆಳಿಯಂಗಿಲ್ಲ."

ಅವನು ಎರಡು ಮೀನುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಿಡಿದು, ಅಂಗಡಿಯಲ್ಲಿ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದ. ಗೇಟಿನವರೆಗೂ ಯಾರೂ ಅವನನ್ನು ಕಳಿಸಿಕೊಡಲು ಹೋಗಲಿಲ್ಲ.

ಚೂಡಾಮಣಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. "ನಾನು ಕೇಳಿದ್ದೆ ಅಲ್ವಾ ನಿಮ್ಮನ್ನ? ಹಂಡೆ ಅಂತ ಬಾಯ್ಬಿಟ್ಟು ಹೇಳಿ ಕೇಳಿದ್ದೆ."

ಹೌದು ಎಂದಿದ್ದರೆ ಸಾಕಾಗಿತ್ತು. ಹೌದು, ನೀನು ಕೇಳಿದ್ದೆ, ನಾನೇ ಸಾಕು ಅಂದೆ. ಆ ಮಾತು ಗುಂಡಣ್ಣನ ಬಾಯಿಯವರೆಗೂ ಬಂತು. ಅಲ್ಲಿ ನಿಂತು, ಬೇರೆಯ ಮಾತಾಗಿ ಹೊರಬಿತ್ತು. "ಪ್ಲಾಸ್ಟಿಕ್ ಕ್ಯಾನ್ ಪಕ್ಕದಲ್ಲೇ ಇತ್ತಲ್ಲ."

ಅವಳು ಅವನ ಮುಖವನ್ನೊಮ್ಮೆ ನೋಡಿದಳು. ಹಂಡೆಯಲ್ಲಿದ್ದ ನೀರನ್ನು ಬಚ್ಚಲಿಗೆ ಚೆಲ್ಲಿ, ಕುರ್ಚಿಯನ್ನು ದಿವಾನದ ಪಕ್ಕದಿಂದ ತೆಗೆದು ಊಟದ ಮೇಜಿಗೆ ಸೇರಿಸಿದಳು. ರಾತ್ರಿ ತಟ್ಟೆ ಇಟ್ಟಳು, ಬಡಿಸಿದಳು, ಒಳಗೆ ಹೋದಳು. ಮರುದಿನವೂ ಅಷ್ಟೇ.

ಗುಂಡಣ್ಣ ತೊಟ್ಟಿಯ ದೀಪವನ್ನು ಇನ್ನೂ ಆರು ದಿನ ಉರಿಸಿದ. ಏಳನೆಯ ದಿನ ಚರ್ಮದ ಹವಳ ಕಲ್ಲಿನಿಂದ ಬಿಟ್ಟುಕೊಂಡು ತೇಲಿತು. ಕೆಟ್ಟ ವಾಸನೆ ಮನೆಯೆಲ್ಲ ಹಬ್ಬಿತು. ಅವನು ವೈರು ಕಿತ್ತು, ಬಲೆ ತಗೊಂಡು, ಕೆಳಗೆ ಹಾಸಿದ ಹಳೆಯ ಪೇಪರಿನ ಮೇಲೆ ಸತ್ತದ್ದನ್ನೆಲ್ಲ ಎತ್ತಿ ಹಾಕಿ, ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ಎಣಿಸಿದ. ಬಸವನಹುಳು ಇಪ್ಪತ್ತು. ಸೀಗಡಿ ಎರಡು. ಗುಂಡಿಯಷ್ಟಗಲದ ಸಣ್ಣ ಹವಳ ಹನ್ನೊಂದು. ಚರ್ಮದ ಹವಳ ಒಂದು. ಒಟ್ಟು ಮೂವತ್ತನಾಲ್ಕು.